ಅಂಚಿಗೆ ಹರಿದ ಕಪ್ಪು

ಬಸ್ಸು ಹೊರಡುವ ಮೊದಲೇ ವಿಲ್ಫ್ ಹ್ಯಾವರ್ತ್ ಮೂರು ಸಲ ಹೇಳಿದ್ದ, ನೀನು ಬರುವುದು ಬೇಡ ಎಂದು. ಮೊದಲನೇ ಸಲ, ಸೊಂಟದ ಮೂಳೆ ಬದಲಾಯಿಸಿಕೊಂಡವನು ಇಡೀ ದಿನ ಹೇಗೆ ನಡೆಯುತ್ತೀಯ ಎಂದ. ಎರಡನೇ ಸಲ, ಮಳೆ ಬರುತ್ತದೆ ಎಂದ. ಮೂರನೇ ಸಲ ಕಾರಣವನ್ನೇ ಹೇಳಲಿಲ್ಲ. “ನನ್ನ ಮಾತು ಕೇಳೋ, ಮನೇಲಿ ಆರಾಮಾಗಿ ಕೂತ್ಕೋ” ಎಂದು ಬೇರೆ ಕಡೆ ನೋಡಿದ.

ಸೇತ್ ಆರ್ಮರಾಡ್ ಅದನ್ನು ಮನಸ್ಸಿನಲ್ಲೇ ಗಂಟು ಹಾಕಿ ಇಟ್ಟುಕೊಂಡ. ಅವನಿಗೆ ಎಪ್ಪತ್ತೆಂಟು, ವಿಲ್ಫ್ ಒಂದು ವರ್ಷ ಚಿಕ್ಕವನು. ಲ್ಯಾಂಕಶೈರಿನ ಒಂದೇ ಬೀದಿಯಲ್ಲಿ ಹುಟ್ಟಿ, ಒಂದೇ ಹತ್ತಿ ಗಿರಣಿಯಲ್ಲಿ ಮಗ್ಗದ ಮೇಸ್ತ್ರಿಗಳಾಗಿ ತಲೆ ಬೆಳ್ಳಗೆ ಮಾಡಿಕೊಂಡವರು. ಗಿರಣಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಆದರೆ ಇಬ್ಬರಿಗೂ ಒಂದು ಹುಚ್ಚು ಉಳಿದುಕೊಂಡಿತ್ತು. ಅದು ಆರಿಕ್ಯುಲಾ ಗಿಡದ ಹುಚ್ಚು. ಗೇಣುದ್ದದ ಗಿಡ, ಕಾಂಡದ ತುದಿಯಲ್ಲಿ ಏಳೆಂಟು ಹೂವಿನ ಗೊಂಚಲು. ಹೂವಿನ ನಡುವೆ ಹಳದಿ ಕಣ್ಣು, ಅದರ ಸುತ್ತ ಸುಣ್ಣ ಬಳಿದಂಥ ಬಿಳಿ ಬಳೆ, ಆಮೇಲೆ ಕಪ್ಪು, ಕೊನೆಗೆ ಬೂದು ಬಣ್ಣದ ಅಂಚು. ಎಲೆಯ ಮೇಲೆಲ್ಲ ಹಿಟ್ಟು ಉದುರಿಸಿದಂತೆ ಬಿಳಿ ಪುಡಿ. ಒಂದು ಹನಿ ಮಳೆ ಬಿದ್ದರೂ, ಒಂದು ಬೆರಳು ತಾಗಿದರೂ ಆ ಗುರುತು ಹೋಗುವುದಿಲ್ಲ. ನೇಕಾರರ ಬೀದಿಗಳಲ್ಲಿ ಮುತ್ತಜ್ಜಂದಿರ ಕಾಲದಿಂದ ನಡೆದು ಬಂದ ಹುಚ್ಚು ಅದು.

ಊರಿನ ಆರಿಕ್ಯುಲಾ ಸಂಘದವರು ಮೇ ತಿಂಗಳ ಮೊದಲ ಶುಕ್ರವಾರ ಬಸ್ಸು ಮಾಡಿಕೊಂಡು ದಕ್ಷಿಣದ ಬೆಟ್ಟಗಳ ಕೆಳಗೆ ನಡೆಯುವ ತೋಟದ ಪ್ರದರ್ಶನಕ್ಕೆ ಹೋಗುವುದು ವಾಡಿಕೆ. ಸೇತ್ ಐದು ವರ್ಷದಿಂದ ಹೋಗಿರಲಿಲ್ಲ. ಈ ವರ್ಷ ಯಾಕೆ ಹೊರಟ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ. ಮನೆಯಲ್ಲಿ ಕೂತರೆ ಹಿತ್ತಲಿನಲ್ಲಿ ಗಿಡಗಳನ್ನಿಡುವ ಗಾಜಿನ ಪೆಟ್ಟಿಗೆ ಕಣ್ಣಿಗೆ ಬೀಳುತ್ತಿತ್ತು, ಅದರೊಳಗೆ ಒಂದು ಮೂಲೆ ಖಾಲಿಯಾಗಿತ್ತು.

“ಏನಪ್ಪಾ ಸೇತ್, ಸತ್ತೇ ಹೋದ್ಯೇನೋ ಅಂದ್ಕೊಂಡಿದ್ದೆ” ಎಂದು ಹಿಂದಿನ ಸೀಟಿನಿಂದ ಡೊರೀನ್ ಕ್ಲೆಗ್ ತಲೆ ಚಾಚಿದಳು.

“ಇನ್ನೂ ಇಲ್ಲ ಡೊರೀನ್. ನಿನ್ನ ಚೀಲ ಚೆನ್ನಾಗಿದ್ಯಾ?”

“ಹಸ್ಕೊಂಡಿದೆ ಪಾಪ” ಎಂದು ಮಡಿಲಲ್ಲಿದ್ದ ಕಪ್ಪು ಕೈಚೀಲವನ್ನು ತಟ್ಟಿದಳು.

ಡೊರೀನಳ ಚೀಲದ ಸಂಗತಿ ಎಲ್ಲರಿಗೂ ಗೊತ್ತಿತ್ತು. ಅದರೊಳಗೆ ಸಾಬೂನು ಇಡುವ ರಬ್ಬರ್ ಸಂಚಿ, ಸಂಚಿಯೊಳಗೆ ಒದ್ದೆ ಹತ್ತಿ, ಪಕ್ಕದಲ್ಲಿ ಉಗುರು ಕತ್ತರಿಸುವ ಪುಟ್ಟ ಕತ್ತರಿ. ಯಾವ ತೋಟಕ್ಕೆ ಹೋದರೂ ಹೊರಬರುವಾಗ ಸಂಚಿಯಲ್ಲಿ ನಾಲ್ಕು ಕಡ್ಡಿ ಇರುತ್ತಿದ್ದವು. ಬೀಜ ಬಲಿತ ಕಾಲವಾದರೆ ಕೊಡೆಯನ್ನು ಅರೆ ಬಿಚ್ಚಿಕೊಂಡು, ಬೀಜ ಅದರೊಳಗೆ ಉದುರುವಂತೆ ಗಿಡಗಳ ಪಕ್ಕ ಹಾದು ಹೋಗುತ್ತಿದ್ದಳು. ಭಾನುವಾರ ಚರ್ಚಿನಲ್ಲಿ ಹೂ ಜೋಡಿಸುವವಳೂ ಅವಳೇ. ಕದಿಯುವುದು ಎಂಬ ಮಾತನ್ನು ಅವಳೆದುರು ಯಾರೂ ಆಡುವಂತಿರಲಿಲ್ಲ. ಸವರಿದರೆ ಗಿಡಕ್ಕೇ ಒಳ್ಳೆಯದು ಎನ್ನುತ್ತಿದ್ದಳು.

ವಿಲ್ಫ್ ಪಕ್ಕದಲ್ಲೇ ಕೂತಿದ್ದ. ಚೀಸ್ ಈರುಳ್ಳಿ ಪೈ ಮುರಿದು ಅರ್ಧ ಸೇತ್‌ಗೆ ಕೊಟ್ಟ. ದಾರಿಯುದ್ದಕ್ಕೂ ಕ್ರಿಕೆಟ್ಟಿನ ಮಾತಾಡಿದ, ಮೊಮ್ಮಗಳ ಮದುವೆಯ ಮಾತಾಡಿದ. ಗಿಡಗಳ ಮಾತು ಮಾತ್ರ ಎತ್ತಲಿಲ್ಲ. ಸೇತ್ ಅದನ್ನೂ ಗಂಟು ಹಾಕಿಕೊಂಡ.

ಸೇತ್‌ನ ಹೆಂಡತಿ ಎಡಿತ್ ತೀರಿಕೊಂಡು ಒಂಬತ್ತು ವರ್ಷ. ಆರಿಕ್ಯುಲಾದಲ್ಲಿ ಬಹುಮಾನ ಗೆದ್ದವನು ಸೇತ್, ಎಡಿತ್ ಗೆದ್ದವಳಲ್ಲ. ಅವಳು ಅಡಿಗೆಮನೆಯ ಕಿಟಕಿಯ ಮೇಲೆ ತನ್ನ ಪಾಡಿಗೆ ಬೀಜ ಹಾಕುತ್ತಿದ್ದಳು. ಸಾಯುವ ಹಿಂದಿನ ವರ್ಷ ಅವಳ ಒಂದು ಸಸಿ ಮೊದಲ ಸಲ ಹೂ ಬಿಟ್ಟಿತು. ದುಂಡನೆಯ ಕಣ್ಣು, ಬಿರುಕಿಲ್ಲದ ಬಿಳಿ ಬಳೆ, ಬೆಕ್ಕಿನ ಮೈಯಂಥ ಕಪ್ಪು. ಆದರೆ ಎಲ್ಲ ಹೂವಿನಲ್ಲೂ ಒಂದು ಕಡೆ ಆ ಕಪ್ಪು, ಬೂದು ಅಂಚನ್ನು ಸೀಳಿಕೊಂಡು ತುದಿಯವರೆಗೂ ಹರಿದಿತ್ತು, ಒದ್ದೆ ಕಾಗದದ ಮೇಲೆ ಶಾಯಿ ಹರಿದಂತೆ. ಅಂಥ ಹೂವನ್ನು ತೀರ್ಪುಗಾರರು ಕಣ್ಣೆತ್ತಿಯೂ ನೋಡುವುದಿಲ್ಲ. ದೋಷವಿರುವ ಸಸಿಯನ್ನು ಅಂದೇ ಕಿತ್ತು ಗೊಬ್ಬರದ ಗುಂಡಿಗೆ ಹಾಕುವುದು ಆ ಬೀದಿಗಳ ಪದ್ಧತಿ. ನೂರು ಸಸಿಯಲ್ಲಿ ತೊಂಬತ್ತೊಂಬತ್ತಕ್ಕೆ ಅದೇ ಗತಿ. ಸೇತ್ ಕನ್ನಡಕ ಏರಿಸಿ ನೋಡಿ, “ಬಿಸಾಡು” ಎಂದಿದ್ದ. ಅಷ್ಟೇ ಅಂದಿದ್ದ.

ಮರು ಮಾರ್ಚಿನಲ್ಲಿ ಎಡಿತ್ ಹೋದಳು. ಏಪ್ರಿಲಿನಲ್ಲಿ ಪೆಟ್ಟಿಗೆಯ ಹಿಂಬದಿಯ ಮೂಲೆಯಲ್ಲಿ, ಒಡೆದ ಕುಂಡದ ಮರೆಯಲ್ಲಿ, ಆ ಗಿಡ ಅರಳಿ ನಿಂತಿತ್ತು. ಅವಳು ಬಿಸಾಡಿರಲಿಲ್ಲ.

ಅಂದಿನಿಂದ ಸೇತ್ ಅದನ್ನು ಯಾರಿಗೂ ಮುಟ್ಟಲು ಕೊಟ್ಟವನಲ್ಲ. ಬುಡದಲ್ಲಿ ಮರಿ ಬಂದರೂ ಬೇರೆ ಮಾಡಲಿಲ್ಲ. ಹೆಸರಿಡಲಿಲ್ಲ. ಒಮ್ಮೆ ಸಂಘದ ಸಭೆಯಲ್ಲಿ ಎದ್ದು ನಿಂತು, ಎಡಿತ್ ಬೆಳೆಸಿದ್ದು ಜಗತ್ತಿನಲ್ಲಿ ಇದೊಂದೇ, ನನ್ನ ಪೆಟ್ಟಿಗೆಯಿಂದ ಒಂದು ಮರಿಯೂ ಆಚೆ ಹೋಗಿಲ್ಲ, ಹೋಗುವುದೂ ಇಲ್ಲ ಎಂದಿದ್ದ. ಮಾತು ಮುಗಿಸದೆ ಅತ್ತು ಕೂತುಬಿಟ್ಟಿದ್ದ.

ಈ ಫೆಬ್ರವರಿಯಲ್ಲಿ ಅದು ಸತ್ತಿತು. ಒಂದು ಬೆಳಿಗ್ಗೆ ಎಲೆಗಳು ಜೋತು ಬಿದ್ದಿದ್ದವು. ಎತ್ತಿದರೆ ಗಿಡ ಕೈಗೇ ಬಂತು. ಕೆಳಗೆ ಮೂಲಂಗಿಯಂಥ ಬೇರು ಕೊಳೆತು ಕಂದು ಗಂಜಿಯಾಗಿತ್ತು. ಮರಿಗಳೂ ತಾಯಿಯ ಜೊತೆಗೇ ಹೋಗಿದ್ದವು. ಬೇರು ತಿನ್ನುವ ಹುಳುವೇನೋ ಎಂದು ಮಣ್ಣನ್ನೆಲ್ಲ ಪೇಪರಿನ ಮೇಲೆ ಹರಡಿ ನೋಡಿದ. ಒಂದು ಹುಳುವೂ ಇರಲಿಲ್ಲ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ವಿಲ್ಫ್‌ಗೂ ಹೇಳಿರಲಿಲ್ಲ.

ಪ್ರದರ್ಶನದ ಮೈದಾನದಲ್ಲಿ ಬಸ್ಸಿಳಿದಾಗ ಮೋಡ ಇತ್ತು, ಮಳೆ ಇರಲಿಲ್ಲ. ಮಾದರಿ ತೋಟಗಳು ಸಾಲಾಗಿದ್ದವು, ಒಂದೊಂದರ ಮುಂದೆಯೂ ಹಗ್ಗ, ಹಗ್ಗದ ಆಚೆ ಜನ. ಒಂದು ತೋಟದಲ್ಲಿ ನೀರು ಕಲ್ಲಿನ ಮೆಟ್ಟಿಲಿಳಿದು ಕೊಳಕ್ಕೆ ಬೀಳುತ್ತಿತ್ತು. ಇನ್ನೊಂದರಲ್ಲಿ ಬರೀ ಬೆಣಚುಕಲ್ಲು, ತುಕ್ಕು ಹಿಡಿದ ಲಂಗರು, ನಡುನಡುವೆ ಸಮುದ್ರದಂಡೆಯ ಹುಲ್ಲು. ಮತ್ತೊಂದರಲ್ಲಿ ನೂರು ವರ್ಷದ್ದೆನ್ನುವ ಆಲಿವ್ ಮರ, ಅದರ ಕೆಳಗೆ ಲ್ಯಾವೆಂಡರ್.

“ಎಷ್ಟು ಚಂದ!” ಎಂದಳು ಡೊರೀನ್.

“ಹತ್ತು ದಿನದ ಹಿಂದೆ ಇಲ್ಲಿ ಕುರಿ ಮೇಯ್ತಿದ್ವು” ಎಂದ ಸೇತ್. “ಆ ಲ್ಯಾವೆಂಡರ್ ನೋಡು, ಕುಂಡ ಸಮೇತ ಹೂತು ಮೇಲೆ ತೊಗಟೆ ಮುಚ್ಚಿದಾರೆ. ಆ ಗೋಡೆ ಮೇಲಿನ ಪಾಚಿ ಇದ್ಯಲ್ಲ, ಮೊಸರು ಬಳಿದು ಬರಿಸಿದ್ದು.”

“ಮದುವೆಗೆ ಹೋದ್ರೂ ಹೆಣ್ಣಿನ ಹಲ್ಲು ಕಟ್ಸಿದ್ದಾ ಅಂತ ನೋಡೋನು ಕಣೋ ನೀನು!”

ಸೇತ್‌ಗೂ ನಗು ಬಂತು. ನಿಜ ಹೇಳಬೇಕೆಂದರೆ ಅವನಿಗೆ ಆ ನೀರಿನ ಮೆಟ್ಟಿಲು ಹಿಡಿಸಿತ್ತು. ಇನ್ನೊಂದು ತೋಟದ ಒಣಕಲ್ಲಿನ ಗೋಡೆಯ ಮುಂದೆ ಹತ್ತು ನಿಮಿಷ ನಿಂತ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ರೀತಿ ನೋಡಿ, ಕಟ್ಟಿದವನು ಉತ್ತರದವನೇ ಇರಬೇಕು ಎಂದುಕೊಂಡ. ಕೈ ಚಾಚಿ ಒಂದು ಕಲ್ಲನ್ನು ಮುಟ್ಟಿಯೂ ನೋಡಿದ. ಅಲುಗಲಿಲ್ಲ. ಮನಸ್ಸು ಸ್ವಲ್ಪ ಹಗುರಾಯಿತು.

ಸಾಲಿನ ಕೊನೆಯ ಕಡೆಗೆ ಹೆಜ್ಜೆ ಹಾಕುವಷ್ಟರಲ್ಲಿ ವಿಲ್ಫ್ ಅವನ ತೋಳು ಹಿಡಿದ. “ಆ ಕಡೆ ಏನಿಲ್ಲ ಮಾರಾಯ. ಟಾಯ್ಲೆಟ್ ಇರೋದು. ಬಾ, ಗುಲಾಬಿ ಡೇರೆ ನೋಡೋಣ.”

“ನಿನಗೆ ಗುಲಾಬಿ ಕಂಡ್ರೆ ಆಗಲ್ವಲ್ಲ.”

“ವಯಸ್ಸಾಯ್ತಲ್ಲ, ಈಗ ಆಗುತ್ತೆ.”

ಗುಲಾಬಿ ಡೇರೆಯೊಳಗೆ ಸೇತ್‌ನನ್ನು ಒಂದು ಬೆಂಚಿನ ಮೇಲೆ ಕೂರಿಸಿ, ಕಾಲು ಚಾಚಿಕೊಂಡಿರು, ಈಗ ಬಂದೆ ಎಂದು ವಿಲ್ಫ್ ಹೊರಟ. ಸೇತ್ ಕೂತಲ್ಲಿಂದಲೇ ಡೇರೆಯ ಬಾಗಿಲಾಚೆ ನೋಡುತ್ತಿದ್ದ. ದೂರದಲ್ಲಿ ವಿಲ್ಫ್ ಒಬ್ಬ ಹೆಂಗಸಿನ ಜೊತೆ ಮಾತಿಗೆ ನಿಂತಿದ್ದ. ಮೂವತ್ತು ಮೂವತ್ತೈದರ ಹೆಂಗಸು, ಮಣ್ಣಾದ ಬೂಟು, ಎದೆಗೆ ಪ್ರದರ್ಶಕರ ಬಿಲ್ಲೆ. ನಡುವೆ ಜನಜಾತ್ರೆ, ಬ್ಯಾಂಡಿನ ಸದ್ದು. ಬೇರೆ ಯಾರಿಗಾದರೂ ಒಂದಕ್ಷರ ಕೇಳುತ್ತಿರಲಿಲ್ಲ.

ಆದರೆ ಮಗ್ಗದ ಮನೆಯಲ್ಲಿ ದುಡಿದವರಿಗೆ ಕೇಳಬೇಕೆಂದೇನೂ ಇಲ್ಲ. ಮುನ್ನೂರು ಮಗ್ಗಗಳ ಬಡಿತದಲ್ಲಿ ಕಿವಿ ಇದ್ದೂ ಇಲ್ಲದ ಹಾಗೆ. ಅಲ್ಲಿ ಎಲ್ಲರೂ ತುಟಿಯಲ್ಲೇ ಮಾತಾಡುತ್ತಿದ್ದರು, ತುಟಿಯನ್ನೇ ಓದುತ್ತಿದ್ದರು. ಸೇತ್ ಹದಿನಾಲ್ಕನೇ ವಯಸ್ಸಿನಿಂದ ವಿಲ್ಫ್‌ನ ತುಟಿ ಓದಿದವನು.

‘ಅವನು ಬಂದಿದಾನೆ’ ಎನ್ನುತ್ತಿದ್ದವು ವಿಲ್ಫ್‌ನ ತುಟಿಗಳು. ‘ಅವನಿಗೆ ಕಾಣಬಾರದು. ಆ ಒಂದು ಕುಂಡ ಹಿಂದಕ್ಕೆ ಇಡಕ್ಕಾಗುತ್ತಾ? ಅವನು ನೋಡಿದ್ರೆ ನನ್ನ ಕಥೆ ಮುಗೀತು.’

ಹೆಂಗಸು ಬೆನ್ನು ಹಾಕಿ ನಿಂತಿದ್ದಳು. ಅವಳು ಏನು ಹೇಳಿದಳೋ ಗೊತ್ತಾಗಲಿಲ್ಲ. ನೋಡೋಣ ಎಂಬಂತೆ ತಲೆಯಾಡಿಸಿದ್ದು ಮಾತ್ರ ಕಂಡಿತು.

ವಿಲ್ಫ್ ವಾಪಸು ಬಂದಾಗ ಸೇತ್ ಒಂದು ಹಳದಿ ಗುಲಾಬಿಯನ್ನು ಮೂಸುತ್ತ ನಿಂತಿದ್ದ.

“ಯಾರೋ ಆ ಹೆಂಗಸು?” ಎಂದ.

“ಯಾವ ಹೆಂಗಸು?” ಎಂದ ವಿಲ್ಫ್. ಆಮೇಲೆ, “ಓ, ಅವಳಾ? ಚಾ ಎಲ್ಲಿ ಸಿಗುತ್ತೆ ಅಂತ ಕೇಳ್ದೆ” ಎಂದ.

“ಸಿಗುತ್ತಂತಾ?”

“ಸಿಗುತ್ತಂತೆ. ಕ್ಯೂ ದೊಡ್ಡದಿದೆ. ನಾನು ತರ್ತೀನಿ, ನೀನು ಇಲ್ಲೇ ಇರು. ಎಲ್ಲಿಗೂ ಹೋಗ್ಬೇಡ.”

ಅರವತ್ತು ವರ್ಷದ ಸ್ನೇಹದಲ್ಲಿ ವಿಲ್ಫ್ ತನಗೆ ಸುಳ್ಳು ಹೇಳಿದ್ದನ್ನು ಸೇತ್ ನೋಡಿದ್ದು ಅದೇ ಮೊದಲು. ವಿಲ್ಫ್‌ನ ಬೆನ್ನು ಜನರೊಳಗೆ ಮರೆಯಾಗುವ ತನಕ ಕಾದು, ಕೋಲೂರಿಕೊಂಡು ಸಾಲಿನ ಕೊನೆಗೆ ನಡೆದ.

ಟಾಯ್ಲೆಟ್ಟು ಅಲ್ಲಿರಲಿಲ್ಲ. ಅಲ್ಲಿದ್ದದ್ದು ಅವನ ಹಿತ್ತಲು.

ಒಂದು ಕ್ಷಣ ಅವನಿಗೆ ಹಾಗೇ ಅನ್ನಿಸಿತು. ಮಸಿ ಹಿಡಿದ ಇಟ್ಟಿಗೆ ಗೋಡೆ, ಕಲ್ಲುಹಾಸು, ಬಟ್ಟೆ ಹಿಂಡುವ ಹಳೇ ಯಂತ್ರ, ಒಂದು ಮೂಲೆಯಲ್ಲಿ ತವರದ ತೊಟ್ಟಿ, ತಂತಿಯ ಮೇಲೆ ಒಣಹಾಕಿದ ಒಂದು ಏಪ್ರನ್. ‘ನೇಕಾರನ ಹಿತ್ತಲು’ ಎಂದು ಬೋರ್ಡು. ಪಕ್ಕದಲ್ಲಿ ಬಹುಮಾನದ ಚೀಟಿ. ಗೋಡೆಗೆ ಒರಗಿಸಿ ಕಪ್ಪು ಬಣ್ಣ ಬಳಿದ ಮೆಟ್ಟಿಲಿನ ಗೂಡು, ಗೊಂಬೆ ಕೂರಿಸುವ ಮೆಟ್ಟಿಲಿನ ಹಾಗೆ, ಮೇಲೆ ಮಳೆ ಬೀಳದಂತೆ ಸೂರು. ಮೆಟ್ಟಿಲುಗಳ ಮೇಲೆ ಹನ್ನೆರಡು ಮಣ್ಣಿನ ಕುಂಡ, ಹನ್ನೆರಡು ಆರಿಕ್ಯುಲಾ. ಹೆಂಗಸರು ಆಹಾ ಆಹಾ ಎಂದು ನೋಡುತ್ತಿದ್ದರು.

ಮೇಲಿನ ಮೆಟ್ಟಿಲ ಎಡತುದಿಯಲ್ಲಿ, ಬೇರೆಯವಕ್ಕಿಂತ ಹಿಂದಕ್ಕೆ ತಳ್ಳಿದ ಒಂದು ಕುಂಡ. ಬೆಕ್ಕಿನ ಮೈಯಂಥ ಕಪ್ಪು. ಪ್ರತಿ ಹೂವಿನಲ್ಲೂ ಒಂದು ಕಡೆ ಆ ಕಪ್ಪು, ಅಂಚನ್ನು ಸೀಳಿಕೊಂಡು ತುದಿಗೆ ಹರಿದಿತ್ತು.

ಸೇತ್ ಹಗ್ಗ ಹಿಡಿದುಕೊಂಡ.

ಅಂಥ ದೋಷ ಎರಡು ಸಸಿಗಳಲ್ಲಿ ಹುಟ್ಟುವುದಿಲ್ಲ. ಎದುರಿಗಿದ್ದದ್ದು ಎಡಿತ್‌ಳ ಹೂವೇ. ಕುಂಡದ ಮುಂದೆ ಚುಚ್ಚಿದ ಪಟ್ಟಿಯಲ್ಲಿ ದುಂಡಗಿನ ಅಕ್ಷರ: ‘ಹೆಸರಿಲ್ಲದ ಸಸಿ. ಬೆಳೆಸಿದವರು ವಿ. ಹ್ಯಾವರ್ತ್.’

ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ಎರಡು ಚಳಿಗಾಲದ ಹಿಂದೆ ಸೊಂಟದ ಆಪರೇಷನ್ನಿಗೆ ಸೇತ್ ಮೂರು ವಾರ ಆಸ್ಪತ್ರೆಯಲ್ಲಿದ್ದ. ಹಿತ್ತಲ ಬಾಗಿಲ ಬೀಗದ ಕೈ ಇದ್ದದ್ದು ವಿಲ್ಫ್ ಹತ್ತಿರ. ಗಿಡಗಳನ್ನು ನೋಡಿಕೊಂಡವನು ವಿಲ್ಫ್. ಆಗಲೇ ಒಂದು ಮರಿ ಕಿತ್ತಿದ್ದಾನೆ. ಅವಸರದಲ್ಲಿ ಕಿತ್ತಿದ್ದಾನೆ; ಗಾಯಕ್ಕೆ ಇದ್ದಿಲ ಪುಡಿ ಹಚ್ಚಲಿಲ್ಲ. ಗಾಯ ಒಳಗೊಳಗೇ ಕೊಳೆತು, ಒಂದು ವರ್ಷ ಎಳೆದಾಡಿ ತಾಯಿ ಸತ್ತಿದೆ. ಅದಕ್ಕೇ ಮಣ್ಣಿನಲ್ಲಿ ಹುಳು ಇರಲಿಲ್ಲ. ಕದ್ದದ್ದು ಮಾತ್ರವಲ್ಲ, ಕೊಂದದ್ದೂ ಅವನೇ. ಮೇಲೆ ಬಸ್ಸಿನಲ್ಲಿ ಪಕ್ಕ ಕೂತು ಅರ್ಧ ಪೈ ಕೊಡುತ್ತಾನೆ!

ಸೇತ್‌ನ ಕೋಟಿನ ಜೇಬಿನಲ್ಲಿ ಚಾಕು ಇತ್ತು. ಸೇಬು ಸುಲಿಯುವ ಸಣ್ಣ ಮಡಚು ಚಾಕು. ಗಿಡದ ಬುಡದಲ್ಲಿ ಎಡಗಡೆ ಕಿರುಬೆರಳಿನಷ್ಟು ಒಂದು ಮರಿ ಎದ್ದಿದ್ದನ್ನು ಅವನು ಆಗಲೇ ನೋಡಿಯಾಗಿತ್ತು. ಎರಡು ನಿಮಿಷದ ಕೆಲಸ. ಎಂದೂ ಯಾರದ್ದೂ ಒಂದು ಎಲೆ ಮುಟ್ಟದವನು ಚಾಕುವಿನ ಮೇಲೆ ಕೈಯಿಟ್ಟು ನಿಂತ. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಉಸಿರು ಬಿಟ್ಟಂತಾಯಿತು.

“ಅದು ಎಡಿತ್‌ದಲ್ವಾ?” ಎಂದಳು ಡೊರೀನ್ ಮೆಲ್ಲಗೆ. ಯಾವಾಗ ಬಂದಳೋ.

“ನಿನಗೆ ಹೆಂಗೆ ಗೊತ್ತು?”

“ಕಣ್ಣಿದೆ ನಂಗೆ. ಏನ್ಮಾಡ್ತೀಯ?”

ಸೇತ್ ಕೋಲನ್ನು ಅವಳ ಕೈಗೆ ಕೊಟ್ಟು, ಹಗ್ಗ ದಾಟಿ, ಕಲ್ಲುಹಾಸಿನ ಮೇಲೆ ನಡೆದು ಒಂದೇ ಕೈಯಲ್ಲಿ ಕುಂಡ ಎತ್ತಿಕೊಂಡ, ಇನ್ನೊಂದು ಕೈ ಚಾಕುವಿದ್ದ ಜೇಬಿನಲ್ಲೇ ಇತ್ತು.

“ಏಯ್ ಯಜಮಾನ್ರೇ!” ಎಂದು ತೋಳಿಗೆ ಪಟ್ಟಿ ಕಟ್ಟಿದ್ದ ಕಾವಲಿನವನು ಓಡಿ ಬಂದ. “ಏನ್ಮಾಡ್ತಿದೀರಾ? ಕೆಳಗಿಡಿ ಅದನ್ನ.”

“ಇದು ನನ್ನ ಹೆಂಡತೀದು.”

“ಎಲ್ರೂ ಹಂಗೇ ಹೇಳ್ತಾರೆ. ಬೆಳಿಗ್ಗೆಯಿಂದ ನೀವು ನಾಲ್ಕನೆಯವರು. ಜೇಬಿಂದ ಕೈ ತೆಗೀರಿ ಮೊದ್ಲು.”

ಜನ ಹಗ್ಗದ ಮೇಲೆ ಒತ್ತಿಕೊಂಡು ನೋಡತೊಡಗಿದರು. ಒಬ್ಬಾಕೆ ಮಗುವನ್ನು ಹಿಂದಕ್ಕೆ ಎಳೆದುಕೊಂಡಳು. ಮಣ್ಣಾದ ಬೂಟಿನ ಹೆಂಗಸು ಗೋಡೆಯ ಹಿಂದಿನಿಂದ ಓಡಿ ಬಂದಳು. ಎದೆಯ ಬಿಲ್ಲೆಯ ಮೇಲೆ ಟ್ಯಾಮ್ಸಿನ್ ಎಂದಿತ್ತು. ತೋಟ ಅವಳು ಕಟ್ಟಿದ್ದು.

“ಸರ್, ದಯವಿಟ್ಟು ಎಲೆ ಮುಟ್ಬೇಡಿ, ಪುಡಿ ಹೋಗುತ್ತೆ...”

“ಪುಡಿ ಹೋಗೋದು ನನಗೆ ಹೇಳ್ಕೊಡ್ತೀಯಾ ಮಗೂ? ನೀನು ಹುಟ್ಟೋ ಮೊದ್ಲಿಂದ ಬೆಳೆಸ್ತಿದೀನಿ. ಇದನ್ನ ನಿನಗೆ ಕೊಟ್ಟೋರು ಯಾರು?”

“ಹ್ಯಾವರ್ತ್ ಅವರು. ಈ ಹನ್ನೆರಡೂ ಅವರೇ ಕೊಟ್ಟಿದ್ದು. ತಮ್ಮ ಹೆಸರು ಬರೀಬೇಡಿ ಅಂದ್ರು, ನಾನೇ ಮನಸ್ಸು ತಡೀದೆ ಬರೆದೆ.”

“ಬರೀಬೇಡಿ ಅಂದನಾ? ಅನ್ನದೆ ಏನು! ಕದ್ದ ಮಾಲು.”

ಕಾವಲಿನವನು ಕುಂಡಕ್ಕೆ ಕೈ ಹಾಕಿದ. ಸೇತ್ ಬಿಡಲಿಲ್ಲ.

“ನಿಲ್ಲಿ, ಒಂದೇ ನಿಮಿಷ. ನಮ್ಮೂರಲ್ಲಿ ಪ್ರತಿಯೊಬ್ಬನೂ ಎರಡು ಪಟ್ಟಿ ಹಾಕ್ತಾನೆ. ಒಂದು ಹೊರಗೆ, ಎಲ್ಲರಿಗೂ ಕಾಣೋದು. ಇನ್ನೊಂದು ಮಣ್ಣೊಳಗೆ, ಬೇರಿನ ಪಕ್ಕ, ಯಾರಿಗೂ ಕಾಣದ್ದು. ಹೊರಗಿನದನ್ನ ಯಾರು ಬೇಕಾದ್ರೂ ಬದಲಾಯಿಸ್ಬೋದು, ಅದಕ್ಕೆ. ಕದ್ದೋನು ಮೊದಲು ಮಾಡೋ ಕೆಲಸ ಏನು ಗೊತ್ತಾ? ಒಳಗಿನ ಪಟ್ಟಿ ಕಿತ್ತೆಸೆಯೋದು. ನೋಡ್ತಿರಿ, ಇದರೊಳಗೆ ಪಟ್ಟಿ ಇರಲ್ಲ.”

ಎಂದವನೇ ಎಲೆಗಳಿಗೆ ತಾಗದಂತೆ ಎರಡು ಬೆರಳನ್ನು ಕುಂಡದ ಅಂಚಿನಲ್ಲಿ ಇಳಿಸಿ ಕೆದಕಿದ. ಒಣ ಮಣ್ಣು ಕಲ್ಲುಹಾಸಿನ ಮೇಲೆ ಉದುರಿತು. ಗಿಡ ಒಂದು ಪಕ್ಕಕ್ಕೆ ವಾಲಿತು. ಬೆರಳಿಗೆ ಏನೋ ಗಟ್ಟಿ ತಾಗಿತು.

ಮಾರ್ಗರೀನ್ ಡಬ್ಬಿಯಿಂದ ಕತ್ತರಿಸಿದ ಬಿಳಿ ಪ್ಲಾಸ್ಟಿಕ್ಕಿನ ಪಟ್ಟಿ. ಸೇತ್ ಅದನ್ನು ಕೋಟಿಗೆ ಉಜ್ಜಿ ಕನ್ನಡಕ ಏರಿಸಿದ. ಪೆನ್ಸಿಲಿನ ಬರಹ, ಬಲಕ್ಕೆ ವಾಲಿದ ಅಕ್ಷರ. ಅಂಗಡಿ ಚೀಟಿಯಲ್ಲಿ, ಟೀ ಡಬ್ಬಿಯ ಮೇಲೆ, ಅವನು ಊಟದ ಡಬ್ಬಿ ಮರೆತು ಹೋದಾಗ ಗಿರಣಿಗೆ ಕಳಿಸಿದ ಚೀಟಿಯಲ್ಲಿ ನೋಡಿದ್ದ ಅಕ್ಷರ.

‘ಏಳನೇ ಸಸಿ. ಹೆಸರು: ಸೇತ್ ಬಿಸಾಡಿದ್ದು. ವಿಲ್ಫ್‌ಗೆ, ಜೋಪಾನವಾಗಿಡಲು. ಎಡಿತ್.’

ಸೇತ್ ಒಂದು ಸಲ ಓದಿದ. ಇನ್ನೊಂದು ಸಲ ಓದಲು ಕಣ್ಣು ಸರಿಯಾಗಿ ಕಾಣಲಿಲ್ಲ.

ತಲೆಯೆತ್ತಿದಾಗ ಜನರ ಹಿಂದೆ ವಿಲ್ಫ್ ನಿಂತಿದ್ದ. ಎರಡೂ ಕೈಯಲ್ಲಿ ಚಾ ಲೋಟ, ಮುಂದೆ ಬರಲು ದಾರಿಯಿಲ್ಲ. ಬ್ಯಾಂಡು ಜೋರಾಗಿ ಬಾರಿಸುತ್ತಿತ್ತು. ವಿಲ್ಫ್ ಮಗ್ಗದ ಮನೆಯಲ್ಲಿ ಮಾಡುತ್ತಿದ್ದಂತೆ ಬಾಯಗಲಿಸಿ, ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸಿ ಹೇಳಿದ.

‘ಅವಳೇ ಕೊಟ್ಟಿದ್ದು. ಹೇಳಬೇಡ ಅಂದಿದ್ಲು.’

“ಇವರನ್ನ ಬಿಡಿ” ಎಂದು ಟ್ಯಾಮ್ಸಿನ್ ಕಾವಲಿನವನಿಗೆ ಮೆಲ್ಲಗೆ ಹೇಳಿದಳು. ಅವಳಿಗೆ ಎಷ್ಟು ಅರ್ಥವಾಯಿತೋ ಏನೋ. ಕುಂಡವನ್ನು ಸೇತ್‌ನ ಕೈಯಿಂದ ತೆಗೆದುಕೊಂಡು ಮೊದಲಿದ್ದ ಕಡೆ ಇಟ್ಟಳು. ಆಮೇಲೆ ಏನನ್ನಿಸಿತೋ, ಅದನ್ನು ಮುಂದಕ್ಕೆ ಎಳೆದು ನಡುವಿಗೆ ಕೂರಿಸಿದಳು.

ತೋಟದ ಹಿಂದೆ ಮಣ್ಣಿನ ಚೀಲಗಳು ಬಿದ್ದಿದ್ದವು. ಇಬ್ಬರೂ ಅವುಗಳ ಮೇಲೆ ಕೂತರು.

“ಅದು ಹೂ ಬಿಟ್ಟ ವರ್ಷಾನೇ ಬಂದ್ಲು” ಎಂದ ವಿಲ್ಫ್. “ಆಗಸ್ಟ್‌ನಲ್ಲಿ. ಪೇಪರಲ್ಲಿ ಸುತ್ಕೊಂಡು ಒಂದು ಮರಿ ತಂದಿದ್ಲು. ಅವನು ಬಿಸಾಡು ಅಂದ, ಕೈಗೆ ಸಿಕ್ಕಿದ್ರೆ ಅವನೇ ಬಿಸಾಡ್ತಾನೆ, ಒಂದು ನಿನ್ನತ್ರ ಇರ್ಲಿ ವಿಲ್ಫ್ ಅಂದ್ಲು. ಹೆಸರು ಹೇಳಿ ಎಷ್ಟು ನಕ್ಲು ಗೊತ್ತಾ? ಮುಂದಿನ ವರ್ಷ ಬಹುಮಾನದ ಮೇಜಿನ ಮೇಲೆ ಅವನ ಗಿಡದ ಪಕ್ಕಾನೇ ಇಡ್ತೀನಿ, ಅಲ್ಲೀ ತನಕ ಬಾಯಿ ಬಿಡ್ಬೇಡ ಅಂದ್ಲು.”

“ಮುಂದಿನ ವರ್ಷ...” ಎಂದ ಸೇತ್.

“ಹೂಂ. ಅವಳಿರ್ಲಿಲ್ಲ.”

“ಒಂಬತ್ತು ವರ್ಷ ಬಾಯಿ ಮುಚ್ಕೊಂಡಿದ್ಯಾ?”

“ಮತ್ತೇನ್ಮಾಡ್ಲಿ? ನೀನು ಸಭೇಲಿ ಎದ್ದು ನಿಂತು ಜಗತ್ತಲ್ಲಿ ಇದೊಂದೇ ಅಂತ ಅತ್ತೆ. ಆಗ ನಾನು ಎದ್ದು, ಇಲ್ಲ ಕಣೋ ನಮ್ಮನೆ ಅಟ್ಟದ ಕಿಟಕಿ ಮೇಲೆ ನಾಲ್ಕಿದೆ ಅನ್ಬೇಕಿತ್ತಾ?”

“ನಾಲ್ಕಾ?”

“ಈಗ ಆರು.”

ಸೇತ್ ಚಾ ಕುಡಿದ. ಆರಿ ಹೋಗಿತ್ತು.

“ಈ ಹುಡುಗಿ ಹಳೇ ಗಿಡ ಬೇಕು ಅಂತ ಬಂದ್ಲು” ಎಂದ ವಿಲ್ಫ್. “ನೀನು ಬಸ್ ಹತ್ತಲ್ಲ ಅನ್ನೋ ಧೈರ್ಯದ ಮೇಲೆ ಕೊಟ್ಟೆ. ಎಡಿತ್‌ದು ಒಂದು ಸಲ ನಾಲ್ಕು ಜನ ನೋಡ್ಲಿ ಅಂತ ಆಸೆ ಆಯ್ತು. ನೀನು ನೋಡಿದ್ರೆ ಈ ವರ್ಷಾನೇ ಹತ್ತಬೇಕಾ? ಹೋಗ್ಲಿ, ನಿನ್ನದು ಹೆಂಗಿದೆ? ಈ ಸಲ ಎಷ್ಟು ಹೂ?”

ಸೇತ್ ಲೋಟದೊಳಗೆ ನೋಡಿದ. “ಸತ್ತೋಯ್ತು. ಫೆಬ್ರವರೀಲಿ.”

“ಏನು? ನಂಗೆ ಯಾಕೆ ಹೇಳ್ಲಿಲ್ಲ?”

“ಹೇಳಕ್ಕಾಗ್ಲಿಲ್ಲ.” ಸೇತ್ ಲೋಟವನ್ನು ಕೈಯಲ್ಲೇ ತಿರುಗಿಸಿದ. ಮುಂದಿನ ಮಾತು ಹೇಳದಿದ್ದರೂ ನಡೆಯುತ್ತಿತ್ತು, ಆದರೆ ಹೇಳಿದ. “ಇವತ್ತು ಅದನ್ನ ನೋಡಿದಾಗ, ನೀನೇ ಸಾಯಿಸಿದೆ ಅಂದ್ಕೊಂಡೆ. ನಾನು ಆಸ್ಪತ್ರೇಲಿದ್ದಾಗ ಮರಿ ಕಿತ್ತು ಗಾಯ ಮಾಡ್ದೆ ಅಂತ.”

ವಿಲ್ಫ್ ಲೋಟ ಕೆಳಗಿಟ್ಟ. ಅವನ ಕತ್ತು ಕೆಂಪಗಾಯಿತು.

“ನಾನು? ಅರವತ್ತು ವರ್ಷ ಜೊತೇಲಿದ್ದು... ಕೇಳು ಹಾಗಾದ್ರೆ. ನೀನು ಆಸ್ಪತ್ರೇಗೆ ಹೋದ ದಿನ ನಾನು ಆ ಕುಂಡ ಎತ್ತಿದ್ರೆ ತಳದಿಂದ ನೀರು ಸೋರ್ತಿತ್ತು. ಡಿಸೆಂಬರಲ್ಲಿ! ಚಳಿಗಾಲದಲ್ಲಿ ಆರಿಕ್ಯುಲಾಗೆ ನೀರು ಹಾಕ್ತಾರೇನೋ? ಮೂರು ವಾರ ಒಣಗಿಸಿ ಉಳಿಸ್ದೆ. ನೀನು ಬಂದು ಮತ್ತೆ ಶುರು ಮಾಡ್ದೆ. ಬೆಳಿಗ್ಗೆ ಎದ್ದು ಒಂದು ಚೊಂಬು, ಸಂಜೆ ಒಂದು ಚೊಂಬು, ಅದರ ಮುಂದೆ ಕೂತು ಮಾತಾಡೋದು. ನಮ್ಮ ಕಿಟಕಿಗೆ ನಿನ್ನ ಹಿತ್ತಲು ಕಾಣಲ್ಲ ಅಂದ್ಕೊಂಡ್ಯಾ?”

ಸೇತ್ ತನ್ನ ಕೈಗಳನ್ನು ನೋಡಿಕೊಂಡ. ಬಹುಮಾನದ ಬಟ್ಟಲುಗಳಿಂದ ಕಪಾಟು ತುಂಬಿದವನು, ಊರಿಗೆಲ್ಲ ನೀರು ಜಾಸ್ತಿ ಹಾಕಬೇಡಿ ಎಂದು ಬುದ್ಧಿ ಹೇಳಿದವನು. ಆ ಒಂದು ಕುಂಡದ ಮುಂದೆ ಅವನ ಕೈ ತಾನಾಗಿ ಚೊಂಬಿಗೆ ಹೋಗುತ್ತಿತ್ತು. ಅದು ಅವನಿಗೂ ಗೊತ್ತಿತ್ತು. ಫೆಬ್ರವರಿಯಲ್ಲಿ ಪೇಪರಿನ ಮೇಲೆ ಮಣ್ಣು ಹರಡಿ ಹುಳು ಹುಡುಕುವಾಗಲೂ ಗೊತ್ತಿತ್ತು.

ಕೊನೆಗೆ ವಿಲ್ಫ್, “ಬಾ, ಬಸ್ಸಿಗೆ ಹೊತ್ತಾಯ್ತು” ಎಂದು ಎದ್ದು ಕೈ ನೀಡಿದ. ಮುಖ ಇನ್ನೂ ಊದಿಕೊಂಡೇ ಇತ್ತು.

ವಾಪಸು ಬರುವಾಗ ಅರ್ಧ ದಾರಿಯವರೆಗೆ ವಿಲ್ಫ್ ಟೋಪಿಯನ್ನು ಕಣ್ಣಿಗೆ ಎಳೆದುಕೊಂಡು ಕೂತಿದ್ದ. ಸೇತ್ ಪ್ಲಾಸ್ಟಿಕ್ ಪಟ್ಟಿಯನ್ನು ಒಳ ಜೇಬಿನಲ್ಲಿ ಇಟ್ಟುಕೊಂಡಿದ್ದ, ಆಗಾಗ ಕೋಟಿನ ಮೇಲಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದ. ಬಸ್ಸಿನಲ್ಲಿ ಕೆಲವರು ನಿದ್ದೆ ಹೋಗಿದ್ದರು. ಹಿಂದಿನಿಂದ ಯಾರೋ ಅವನ ಹೆಗಲು ತಟ್ಟಿದರು.

“ಇಲ್ನೋಡು ಸೇತ್” ಎಂದಳು ಡೊರೀನ್. ಸೀಟುಗಳ ಸಂದಿಯಿಂದ ರಬ್ಬರ್ ಸಂಚಿ ಮುಂದಕ್ಕೆ ಬಂತು. ಬಾಯಿ ಬಿಚ್ಚಿತ್ತು. ಒದ್ದೆ ಹತ್ತಿಯ ನಡುವೆ ಕಿರುಬೆರಳುದ್ದದ ಒಂದು ಮರಿ, ಬುಡದಲ್ಲಿ ಎರಡೆಳೆ ಬಿಳಿ ಬೇರು, ಎಲೆಯ ಮೇಲೆ ಪುಡಿ ಹಾಗೇ ಇತ್ತು. ಒಂದು ಬೆರಳಿನ ಗುರುತೂ ಇರಲಿಲ್ಲ.

“ಎಲ್ಲಿಂದ ತಂದೆ?”

“ನೀನೇ ಕೆದಕಿ ಸಡಿಲ ಮಾಡಿದ್ಯಲ್ಲಪ್ಪಾ. ಆ ಹುಡುಗಿ ಕುಂಡ ಇಟ್ಟು ಆಚೆ ಹೋದ್ಲು, ಕಾವಲಿನೋನು ಜನರನ್ನ ಚದುರಿಸ್ತಿದ್ದ. ನಿನ್ನ ಕೋಲು ವಾಪಸ್ ಕೊಡೋ ನೆಪದಲ್ಲಿ ಒಳಗೆ ಹೋದೆ. ಮುಟ್ಟಿದ್ರೆ ಕೈಗೇ ಬಂತು. ತಗೋ, ನಿಂದೇ ಅಲ್ವಾ.”

ಸೇತ್ ಮರಿಯನ್ನು ಹತ್ತಿ ಸಮೇತ ಅಂಗೈಯಲ್ಲಿ ಇಟ್ಟುಕೊಂಡ. ಒಂದೆರಡು ಮೈಲಿ ಅದನ್ನೇ ನೋಡುತ್ತ ಕೂತ. ಕಾಲ ಬಳಿ ನೀರಿನ ಬಾಟಲಿ ಇತ್ತು. ಬಸ್ಸಿನ ಸೆಕೆಗೆ ಬಾಡೀತೇನೋ, ಹತ್ತಿಗೆ ಸ್ವಲ್ಪ ಹನಿಸಲೇ ಎಂದು ಕೈ ಬಾಟಲಿಯ ಕಡೆ ಹೊರಟಿತು. ಅಲ್ಲೇ ನಿಂತಿತು.

“ವಿಲ್ಫ್.”

“ಏನು?”

“ಇದನ್ನ ನೀನೇ ಇಟ್ಕೋ. ನೀನೇ ಬೇರು ಬಿಡಿಸು, ನೀರೂ ನೀನೇ ಹಾಕು. ನಾನು ದಿನಾ ಬಂದು ನೋಡ್ತೀನಿ. ಬರೀ ನೋಡ್ತೀನಿ.”

ವಿಲ್ಫ್ ಅವನನ್ನು ಸಂಶಯದಿಂದ ನೋಡಿದ. “ಕೈ ಬೆನ್ನ ಹಿಂದೆ ಕಟ್ಕೊಂಡು ನಿಲ್ತೀಯಾ?”

“ನಿಲ್ತೀನಿ.”

“ನೋಡೋಣ” ಎಂದು ಮರಿಯನ್ನು ತೆಗೆದುಕೊಂಡು ತನ್ನ ಟೋಪಿಯೊಳಗೆ ಮಲಗಿಸಿದ. ಆಮೇಲೆ ಉಳಿದಿದ್ದ ಕೊನೆಯ ಪೈ ತೆಗೆದು ಮುರಿದು, ದೊಡ್ಡ ತುಂಡನ್ನೇ ಸೇತ್‌ನ ಕಡೆ ಚಾಚಿದ.

ಸೇತ್ ಪೈ ಜಗಿಯುತ್ತ ಕಿಟಕಿಯಾಚೆ ನೋಡುತ್ತಿದ್ದ. ಇದ್ದಕ್ಕಿದ್ದಂತೆ ಜಗಿಯುವುದು ನಿಂತಿತು. ಎಡಿತ್ ತೀರಿಕೊಂಡ ಮೇಲೆ, ಹೋದ ವರ್ಷದವರೆಗೂ, ಪ್ರತಿ ಏಪ್ರಿಲಿನಲ್ಲೂ ಡೊರೀನ್ ಒಂದು ಸಲವಾದರೂ ಅವನ ಮನೆಗೆ ಚಾ ಕುಡಿಯಲು ಬರುತ್ತಿದ್ದಳು. ಚಾ ಕಾಯಿಸಲು ಅವನು ಒಳಗೆ ಹೋದರೆ, ಅವಳು ಹಿತ್ತಲಲ್ಲಿ ಗಾಳಿಗೆ ಕೂರುತ್ತಿದ್ದಳು. ಆ ಹೂವನ್ನು ದೂರದಿಂದಲೇ ಗುರುತು ಹಿಡಿದವಳೂ ಅವಳೇ.

ಅವನು ನಿಧಾನವಾಗಿ ಹಿಂದಕ್ಕೆ ತಿರುಗಿದ.

“ಡೊರೀನ್, ನಮ್ಮನೇಗೆ ಬಂದಾಗ್ಲೂ ಈ ಚೀಲ ತರ್ತಿದ್ಯಲ್ವಾ?”

ಡೊರೀನ್ ಕ್ಲೆಗ್ ಚೀಲದ ಕೊಂಡಿ ಹಾಕಿ ಮಡಿಲಲ್ಲಿಟ್ಟುಕೊಂಡು, ಅದರ ಮೇಲೆ ಎರಡೂ ಕೈ ಇಟ್ಟಳು.

“ಕುರಿಮರಿಗಳು ನೋಡು, ಎಷ್ಟು ಮುದ್ದಾಗಿವೆ” ಎಂದು ಕಿಟಕಿಯ ಕಡೆ ಮುಖ ತಿರುಗಿಸಿದಳು.